ಹತ್ತು ಬರಬೇಕಿತ್ತು, ಒಂಬತ್ತು ಬಂತು

ಆಟಿನ್ ಎಕ್ಕ, ರಾಜ, ರಾಣಿ, ಗುಲಾಮ. ನಾಲ್ಕನ್ನೂ ಹಿಡಿದು ಐದನೆಯ ಎಲೆ ಬಿಟ್ಟೆ. ಆಟಿನ್ ಹತ್ತು ಬಂದರೆ ರಾಯಲ್ ಫ್ಲಶ್, ಪೋಕರ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಕೈ. ಬಂದದ್ದು ಕ್ಲಾವರ್ ಒಂಬತ್ತು.

ಮೂಡಿಗೆರೆಯಲ್ಲಿ ಜಡಿಮಳೆಯ ರಾತ್ರಿ ಅದು. ಆಗ ಫೋನಿನಲ್ಲಿ ವಿಡಿಯೋ ಪೋಕರ್‌ಗೆ ದುಡ್ಡು ಹಾಕುತ್ತಿದ್ದೆ. ಐದು ಎಲೆ ಬರುತ್ತೆ, ಬೇಡದ್ದನ್ನು ಒಂದು ಸಲ ಬದಲಿಸಬಹುದು, ಅಂಥ ಇಸ್ಪೀಟ್ ಆಟ. ಇನ್ನೇನು ಸಿಕ್ಕೇಬಿಡುತ್ತಿತ್ತು ಅನ್ನಿಸಿ ಮತ್ತಷ್ಟು ಹಾಕಿದೆ. ಎರಡು ವಾರದಲ್ಲಿ ತೋಟದ ಗೊಬ್ಬರಕ್ಕೆ ಇಟ್ಟಿದ್ದ ದುಡ್ಡು ಖಾಲಿ.

"ಯಾವಾಗಲೂ ಒಂದೇ ಎಲೆಯಲ್ಲಿ ತಪ್ಪುತ್ತೆ ಕಣೆ" ಅಂದೆ ಹೆಂಡತಿಗೆ.

"ಮಳೆ ಲೆಕ್ಕ ಬರೀತೀರಲ್ಲ, ಇದನ್ನೂ ಬರೆದು ನೋಡಿ" ಅಂದಳು.

ಕಾಫಿ ತೋಟದವರಿಗೆ ಇದು ಗೊತ್ತಿರುವ ವಿಷಯ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ನೆನಪಿರುತ್ತದೆ. ಸರಿಯಾಗಿ ಬಿದ್ದ ವರ್ಷ ಕೇಳಿ, ಯಾರೂ ಹೇಳುವುದಿಲ್ಲ. ಅದಕ್ಕೇ ಅಲ್ವಾ ದಿನಾ ಬೆಳಿಗ್ಗೆ ಮಳೆಯ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆದಿಡುವುದು?

ದುಡ್ಡು ಹಾಕುವುದನ್ನು ಬಿಟ್ಟು, ಬರೀ ಪಾಯಿಂಟ್‌ಗೆ 200 ಆಟ ಆಡಿದೆ. ಎಲೆ ಬದಲಿಸುವ ಬಟನ್ ಒತ್ತುವ ಮೊದಲೇ ಕೈಯಲ್ಲಿ ಏನಿದೆ ಅಂತ ಬರೆದೆ. ಇದು ತುಂಬಾ ಮುಖ್ಯ. ಬಂದದ್ದನ್ನು ನೋಡಿದ ಮೇಲೆ ಬರೆದರೆ, ಮನಸ್ಸು ತನಗೆ ಬೇಕಾದ್ದನ್ನಷ್ಟೇ ಬರೆಸುತ್ತದೆ. ಮೊದಲ ದಿನ ನಾನು ಹಾಗೇ ಮಾಡಿದ್ದೆ. ಆ ಪುಟ ಹರಿದು ಹಾಕಿ ಹೊಸದಾಗಿ ಶುರು ಮಾಡಿದೆ.

ಎಲ್ಲ ಮುಗಿದ ಮೇಲೆ, ಪುಸ್ತಕ ತೆರೆಯದೆ ನೆನಪಿನಿಂದ ಲೆಕ್ಕ ಹಾಕಿದೆ. ಒಂದೇ ಜಾತಿಯ ನಾಲ್ಕು ಎಲೆ ಹಿಡಿದು ತಪ್ಪಿದ್ದು 15 ಸಲ, ಸಿಕ್ಕಿದ್ದು ಒಂದೂ ಇಲ್ಲ. ಪುಸ್ತಕ ತೆರೆದರೆ ಅಂಥ ಆಟ ಇದ್ದದ್ದೇ 9. ಅದರಲ್ಲಿ 2 ಸಲ ಐದನೆಯದೂ ಅದೇ ಜಾತಿಯದು ಬಂದು ಫ್ಲಶ್ ಆಗಿತ್ತು! ನನ್ನದೇ ಅಕ್ಷರ. ಆದರೂ ಆ ಎರಡು ಆಟ ನೆನಪಿಗೆ ಬರಲೇ ಇಲ್ಲ.

52 ಎಲೆಯಲ್ಲಿ 5 ಕಂಡಿವೆ, ಉಳಿದದ್ದು 47. ಫ್ಲಶ್‌ಗೆ ಬೇಕಾದ ಜಾತಿಯವು ಅದರಲ್ಲಿ 9. ಐದರಲ್ಲಿ ನಾಲ್ಕು ಸಲ ತಪ್ಪುವುದು ಮಾಮೂಲಿ. ನನ್ನ ರಾಯಲ್ ಫ್ಲಶ್‌ಗೆ ಬೇಕಿದ್ದದ್ದಂತೂ 47ರಲ್ಲಿ ಒಂದೇ ಎಲೆ. ಕ್ಲಾವರ್ ಒಂಬತ್ತು ಬಂದರೂ ಅಷ್ಟೇ, ಡೈಮಂಡ್ ಎರಡು ಬಂದರೂ ಅಷ್ಟೇ. ಒಂಬತ್ತು ಹತ್ತರ ಪಕ್ಕದ್ದು ಅಂತ ಕಂಡದ್ದು ನನ್ನ ಕಣ್ಣಿಗೆ ಮಾತ್ರ. ಮುಂದಿನ ಆಟಕ್ಕೆ ಇಡೀ ಕಟ್ಟು ಮತ್ತೆ ಕಲೆಸಿರುತ್ತದೆ.

ಮೊನ್ನೆ ಪಕ್ಕದ ತೋಟದ ಹುಡುಗ ಬಂದಿದ್ದ. "ಒಂದೇ ಎಲೆಯಲ್ಲಿ ಹೋಯ್ತು ಅಣ್ಣಾ" ಅಂದ. ಪೆನ್ನು ಕೊಟ್ಟು, ಈ ವಾರ ಗೆದ್ದ ಆಟಗಳನ್ನು ಬರಿ ಅಂದೆ. ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದ.