ಗಾಡಿ ಕೊಳ್ಳುವ ಮುಂಚೆ ಮಗುಚಿ ನೋಡಿ

ನನ್ನ ತಂಗಿಯ ಮಗಳಿಗೆ ನಾಲ್ಕು ತುಂಬಿದ ದಿನ ರಿಮೋಟ್ ಜೀಪೊಂದು ಉಡುಗೊರೆ ಬಂತು. ದೀಪ, ಹಾರ್ನ್, ಹಾಡು ಎಲ್ಲ ಇತ್ತು. ಮೊದಲ ದಿನ ಮಗುವಿಗಿಂತ ಜಾಸ್ತಿ ಆಡಿದ್ದು ಅವಳಪ್ಪ. ಮೂರನೇ ದಿನಕ್ಕೆ ಸೆಲ್ ಮುಗಿಯಿತು. ಅವಳೇನೂ ಅಳಲಿಲ್ಲ. ಅಜ್ಜಿಯ ಹಳೇ ಲಂಗದ ಲಾಡಿ ತಂದು ಜೀಪಿನ ಮೂತಿಗೆ ಕಟ್ಟಿ ಎಳೆದಳು. ಚಕ್ರ ಉರುಳಲಿಲ್ಲ. ಒಳಗೆ ಮೋಟಾರಿನ ಹಲ್ಲುಗಳಿಗೆ ಕಚ್ಚಿಕೊಂಡಿರುವ ಚಕ್ರ, ಸುಮ್ನೆ ಎಳೆದರೆ ಎಲ್ಲಿ ತಿರುಗುತ್ತದೆ? ಜೀಪು ನೆಲ ಕೆರೆಯುತ್ತಾ ಬಂತು. ಅದನ್ನು ಅಲ್ಲೇ ಬಿಟ್ಟು, ಲಾಡಿಯನ್ನು ಖಾಲಿ ಚಪ್ಪಲಿ ಡಬ್ಬಕ್ಕೆ ಕಟ್ಟಿಕೊಂಡು ‘ರೈಟ್ ರೈಟ್’ ಅಂತ ಅಡುಗೆಮನೆ ಕಡೆ ಹೊರಟಳು.

ಮಾರನೇ ದಿನ ನಾನು ಸೆಲ್ ಇಲ್ಲದ ಗಾಡಿ ಹುಡುಕಿಕೊಂಡು ಅಂಗಡಿಗೆ ಹೋದೆ. ಇಷ್ಟು ಸಣ್ಣ ವಸ್ತು ಕೊಳ್ಳೋದಕ್ಕೆ ಇಷ್ಟೆಲ್ಲ ನೋಡಬೇಕು ಅಂತ ಗೊತ್ತಾಗಿದ್ದೇ ಆಗ. ಮೂರರಿಂದ ಐದು ವರ್ಷದ ಮಕ್ಕಳಿರುವ ಮನೆಗೆ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಗುವನ್ನು ನೋಡಿ

ಅಂಗಡಿಗೆ ಹೋಗುವ ಮುಂಚೆ ಮೂರು ನಾಲ್ಕು ದಿನ ಮಗು ಹೇಗೆ ಆಡುತ್ತದೆ ಅಂತ ಗಮನಿಸಿ. ಕೆಲವರು ತುಂಬುವವರು. ಕೈಗೆ ಸಿಕ್ಕ ಕಲ್ಲು, ಗುಂಡಿ, ಕಡಲೆಕಾಯಿ ಸಿಪ್ಪೆ ಎಲ್ಲವನ್ನೂ ಡಬ್ಬಿಗೆ ತುಂಬಿ ಇನ್ನೊಂದು ಕಡೆ ಸುರಿಯುತ್ತಾರೆ. ಅಂಥವರಿಗೆ ಟಿಪ್ಪರ್ ಲಾರಿ. ಕೆಲವರು ಓಡಿಸುವವರು. ಇಳಿಜಾರು ಕಂಡರೆ ಏನನ್ನಾದರೂ ಉರುಳಿಸಲೇಬೇಕು. ಅವರಿಗೆ ಚಕ್ರ ಸಲೀಸಾಗಿ ತಿರುಗುವ ಕಾರು ಸಾಕು. ಇನ್ನು ಕೆಲವರಿಗೆ ಹಿಂದೆ ಏನಾದರೂ ಎಳೆದುಕೊಂಡು ನಡೆಯುವುದೇ ಆಟ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ, ಸೋಗೆ ಹಿಡಿದು ಅಂಗಳವೆಲ್ಲ ಎಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ‘ಗಂಡೋ ಹೆಣ್ಣೋ?’. ಹೆಣ್ಣು ಅಂದ ಕೂಡಲೇ ನನ್ನ ಮುಂದೆ ಗುಲಾಬಿ ಬಣ್ಣದ ಅಡುಗೆ ಸೆಟ್ ಬಂದು ಕೂತಿತು. ಲಾರಿಯನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಸೆಲ್ ಇಲ್ಲ ಅಂದರೂ ಎಲ್ಲ ಒಂದೇ ಅಲ್ಲ

ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಒಳಗೆ ಏನೂ ಇಲ್ಲದ್ದು. ಚಕ್ರ, ಅಚ್ಚು, ಮೇಲೊಂದು ಗಾಡಿ, ಅಷ್ಟೆ. ಎರಡು, ನೆಲಕ್ಕೆ ಒತ್ತಿ ನಾಲ್ಕೈದು ಸಲ ಉಜ್ಜಿ ಬಿಟ್ಟರೆ ‘ಉಂಯ್’ ಅಂತ ಓಡುವ ಫ್ರಿಕ್ಷನ್ ಗಾಡಿ. ಒಳಗೊಂದು ಭಾರದ ಚಕ್ರ ಇರುತ್ತದೆ, ಉಜ್ಜಿದಾಗ ಅದು ಜೋರಾಗಿ ತಿರುಗಿ ಗಾಡಿಯನ್ನು ಮುಂದೆ ತಳ್ಳುತ್ತದೆ. ಮೂರು, ಹಿಂದಕ್ಕೆ ಎಳೆದು ಬಿಡುವ ಪುಲ್‌ಬ್ಯಾಕ್. ಅದರಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ, ಹಿಂದಕ್ಕೆ ಎಳೆದಾಗ ಬಿಗಿಯಾಗುತ್ತದೆ.

ಮೂರು ವರ್ಷದ ಮಗುವಿಗೆ ನನ್ನ ಓಟು ಮೊದಲನೆಯದಕ್ಕೆ. ಪುಲ್‌ಬ್ಯಾಕ್ ಓಡುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಓಡುವಾಗ ಮಗು ನೋಡುತ್ತಾ ನಿಲ್ಲಬೇಕು, ಮಂಚದ ಕೆಳಗೆ ಹೋದರೆ ತೆಗೆದುಕೊಡುವ ಕೆಲಸ ನಿಮ್ಮದು. ಬಲವಂತವಾಗಿ ಒತ್ತಿ ಆಡಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದು ಕಿರ್ರೆನ್ನುತ್ತದೆ. ನಾಲ್ಕೂವರೆ, ಐದಾದ ಮೇಲೆ ತರಬಹುದು. ಎಷ್ಟು ಎಳೆದರೆ ಎಷ್ಟು ದೂರ ಹೋಗುತ್ತದೆ ಅಂತ ಲೆಕ್ಕ ಹಾಕುವ ಖುಷಿ ಶುರುವಾಗುವುದೇ ಆಗ.

ಸೆಲ್ ಬೇಡ ಅನ್ನುವುದಕ್ಕೆ ಖರ್ಚು ಒಂದೇ ಕಾರಣ ಅಲ್ಲ. ರಿಮೋಟು, ಹಾಡುವ ಆಟಿಕೆಗಳಲ್ಲಿ ಕೆಲವಕ್ಕೆ ಗುಂಡಿಯಂಥ ಚಿಕ್ಕ ಸೆಲ್ ಹಾಕಿರುತ್ತಾರೆ. ಅದನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಡಬ್ಬದಿಂದ ಹೊರಗೆ ತೆಗೆಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ನಾನು ಹಾಗೊಂದು ಸಲ ಕೊಂಡು, ಮನೆಗೆ ಬಂದು ತೆಗೆದರೆ ಮುಂದಿನ ಒಂದು ಚಕ್ರ ನೆಲಕ್ಕೇ ತಾಗುತ್ತಿರಲಿಲ್ಲ. ಬದಲಿಸಿಯೂ ಕೊಡಲಿಲ್ಲ.

ಗಾಡಿ ಕೈಗೆ ಬಂದ ಕೂಡಲೇ ಮಗುಚಿ. ಮೇಲಿನ ಬಣ್ಣ, ಸ್ಟಿಕ್ಕರ್ ಎಲ್ಲ ಆಮೇಲೆ. ಗಾಡಿಯ ಜಾತಕ ಇರುವುದು ಹೊಟ್ಟೆಯ ಕೆಳಗೆ. ಎಡ ಚಕ್ರದಿಂದ ಬಲ ಚಕ್ರಕ್ಕೆ ಒಂದೇ ಕಬ್ಬಿಣದ ಕಡ್ಡಿ ಹಾದು ಹೋಗಿದೆಯೇ ನೋಡಿ. ಹಾಗಿದ್ದರೆ ಬಾಳಿಕೆ ಬರುತ್ತದೆ. ಒಂದೊಂದು ಚಕ್ರವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಮೊಳೆಗೆ ಸಿಕ್ಕಿಸಿದ್ದರೆ, ಮಗು ಅದರ ಮೇಲೆ ಒಂದು ಸಲ ಕೂತರೆ ಸಾಕು, ಗಾಡಿ ಮೂರು ಚಕ್ರದ್ದಾಗುತ್ತದೆ. ಕೂರದೇ ಇರುವ ಮಗು ನಾನಂತೂ ನೋಡಿಲ್ಲ.

ಆಮೇಲೆ ಒಂದು ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಜೋರಾಗಿ ಹೊರಕ್ಕೆ ಎಳೆಯಿರಿ. ಅಂಗಡಿಯವರು ಮುಖ ಸಿಂಡರಿಸಿದರೂ ಎಳೆಯಿರಿ. ಕಳಚಿ ಬಂದರೆ ಬೇಡ. ಕಳಚಿದ ಚಕ್ರ ಬಾಯಿಗೇ ಹೋಗುವುದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿ ಭಾಗಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಅಳತೆ ಕೊಳವೆ ಇದೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲಿಗೆ ಅಪಾಯ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಅಂದರೆ ಆ ನಾಣ್ಯಕ್ಕಿಂತ ಕೊಂಚ ದೊಡ್ಡ ಚಕ್ರವೂ ಅಪಾಯದ್ದೇ. ಮಗುವಿಗೆ ನಾಲ್ಕಾಗಿರಬಹುದು, ಮನೆಯಲ್ಲಿ ತೆವಳುವ ತಮ್ಮನೋ ತಂಗಿಯೋ ಇದ್ದರೆ ಇದೇ ಲೆಕ್ಕ ಹಿಡಿಯಿರಿ. ರಬ್ಬರ್ ಟೈರು ಬಿಚ್ಚಿ ಬರುತ್ತದೆಯೇ ಅಂತಲೂ ನೋಡಿ. ಬೋಗಿಗಳನ್ನು ಅಯಸ್ಕಾಂತದಿಂದ ಅಂಟಿಸುವ ರೈಲಾದರೆ ಅದು ಅಲುಗಾಡದಂತೆ ಒಳಗೆ ಕೂತಿರಬೇಕು. ಎರಡು ಅಯಸ್ಕಾಂತ ಹೊಟ್ಟೆಗೆ ಹೋದರೆ ಒಂದನ್ನೊಂದು ಎಳೆದು ಕರುಳನ್ನೇ ನಡುವೆ ಹಿಸುಕುತ್ತವೆ.

ಇನ್ನು ನೆಲದ ಮೇಲಿಟ್ಟು ಮೆಲ್ಲಗೆ ತಳ್ಳಿ. ನೆಟ್ಟಗೆ ಹೋಗಬೇಕು. ಅಂಗಡಿಯ ನುಣುಪಾದ ಟೈಲ್ಸ್ ಮೇಲೆ ಎಲ್ಲ ಗಾಡಿಯೂ ಓಡುತ್ತದೆ, ಬಾಗಿಲ ಹತ್ತಿರದ ಕಾಲೊರಸಿನ ಮೇಲೂ ಒಮ್ಮೆ ತಳ್ಳಿ. ಟಿಪ್ಪರ್ ಆದರೆ ಹಿಂದಿನ ತೊಟ್ಟಿಯನ್ನು ಎತ್ತಿ ಇಳಿಸಿ, ಸಂದಿಯಲ್ಲಿ ನಿಮ್ಮ ಕಿರುಬೆರಳಿಟ್ಟು ನೋಡಿ. ಕಚ್ಚಿದರೆ ಮಗುವಿನ ಬೆರಳನ್ನೂ ಕಚ್ಚುತ್ತದೆ. ತೊಟ್ಟಿಯಲ್ಲಿ ಒಂದು ಹಿಡಿ ಕಾಳಾದರೂ ಹಿಡಿಯಬೇಕು. ಒದ್ದೆ ಕರವಸ್ತ್ರದಲ್ಲಿ ಉಜ್ಜಿದರೆ ಬಣ್ಣ ಬಿಡಬಾರದು. ಎಳೆಯುವ ಗಾಡಿಯ ದಾರದ ತುದಿಯಲ್ಲಿ ಕುಣಿಕೆ ಬೇಡ, ಕತ್ತಿಗೆ ಸಿಕ್ಕಿಕೊಳ್ಳುತ್ತದೆ.

ಐಎಸ್‌ಐ ಗುರುತು, ಚನ್ನಪಟ್ಟಣದ ವಿಷಯ

2021ರ ಜನವರಿ 1ರಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತದೆ. ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಬರಬೇಕು. ಬೀದಿಬದಿಯ ತಳ್ಳುಗಾಡಿಗಳಲ್ಲಿ ಗುರುತೇ ಇಲ್ಲದ್ದು ಬೇಕಾದಷ್ಟು ಸಿಗುತ್ತದೆ. ಮೂಸಿ ನೋಡಿ, ಸೀಮೆಎಣ್ಣೆಯಂಥ ವಾಸನೆ ಬಂದರೆ ವಾಪಸ್ ಇಡಿ.

ಚನ್ನಪಟ್ಟಣದ ಮರದ ಗಾಡಿಯ ಮೇಲೆ ಐಎಸ್‌ಐ ಕಾಣದಿದ್ದರೆ ಗಾಬರಿ ಬೇಡ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೂ ಜಿಐ ಟ್ಯಾಗ್ (ಇಂಥ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು) ಇರುವ ಆಟಿಕೆಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಜಿಐ ಟ್ಯಾಗ್ ಉಂಟು.

ಅಲ್ಲಿನ ಕೆಲಸವನ್ನು ಒಮ್ಮೆ ಎದುರು ನಿಂತು ನೋಡಬೇಕು. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿ ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಬ್ರಷ್ಷಿನ ಗೆರೆ, ಸೋರಿದ ಗುರುತು ಇರುವುದಿಲ್ಲ. ಅಂಥ ಗೆರೆ ಕಂಡರೆ ಅದು ಪೇಂಟು. ಲೇತಿನ ಕೆಲಸ ಆದ್ದರಿಂದ ಚಕ್ರ, ರೈಲಿನ ಮೂತಿ, ಒಳಗೆ ಕೂತ ಡ್ರೈವರು ಎಲ್ಲ ಗುಂಡಗುಂಡಗೆ. ಮೂಲೆಯೇ ಇಲ್ಲದ ಗಾಡಿ ಮಗುವಿಗೆ ಒಳ್ಳೆಯದೇ ಅಲ್ವಾ?

ಆದರೆ ಮೈಸೂರು ರಸ್ತೆಯಲ್ಲಿ ತೂಗುಹಾಕಿದ್ದೆಲ್ಲ ಚನ್ನಪಟ್ಟಣದ್ದಲ್ಲ. ಇದು ಅರಗಾ ಪೇಂಟಾ, ಬಣ್ಣ ಯಾವುದು ಅಂತ ಕೇಳಿ. ಮಾಡುವವರಾದರೆ ಕೂರಿಸಿಕೊಂಡು ಹೇಳುತ್ತಾರೆ. ಬೆಂಗಳೂರಿನವರು ಸರ್ಕಾರದ ಕಾವೇರಿ ಮಳಿಗೆಯಲ್ಲೂ ನೋಡಬಹುದು. ಒಂದು ಮಾತು, ಮರದ ಗಾಡಿಯನ್ನು ನೀರಿನಲ್ಲಿ ನೆನೆಸಬಾರದು. ಮಣ್ಣಲ್ಲಿ, ನಲ್ಲಿ ಕೆಳಗೆ ಆಡುವ ಮಗುವಿಗೆ ಗಟ್ಟಿ ಪ್ಲಾಸ್ಟಿಕ್ಕೇ ಸರಿ.

ತಂದ ಮೇಲೆ

ಒಂದು ತಿಂಗಳಾದ ಮೇಲೆ ಗಾಡಿ ಓಡಲ್ಲ ಅಂತ ದೂರು ಬರುತ್ತದೆ. ಎಸೆಯಬೇಡಿ, ಮತ್ತೆ ಮಗುಚಿ. ನೂರಕ್ಕೆ ತೊಂಬತ್ತು ಸಲ ಅಚ್ಚಿಗೆ ಕೂದಲು ಸುತ್ತಿಕೊಂಡಿರುತ್ತದೆ. ಸೂಜಿಯಲ್ಲಿ ಬಿಡಿಸಿ, ಕತ್ತರಿಸಿ ತೆಗೆಯಿರಿ. ಮರದ ಅಚ್ಚಾದರೆ ಎಣ್ಣೆ ಬೇಡ, ಧೂಳು ಮೆತ್ತುತ್ತದೆ. ಮೇಣದಬತ್ತಿ ತುಂಡನ್ನು ಉಜ್ಜಿದರೆ ಸಾಕು.

ನಮ್ಮ ಮನೆಯ ಟಿಪ್ಪರ್ ಈಗ ಅವರೆಕಾಯಿ ಸುಲಿಯುವ ಅಜ್ಜಿಯಿಂದ ಅಡುಗೆಮನೆಗೆ ಕಾಳು ಸಾಗಿಸುತ್ತದೆ. ಭಾನುವಾರ ಸರ್ವೀಸಿಗೆ ನನ್ನ ಹತ್ತಿರ ಬರುತ್ತದೆ. ಹೋದ ವಾರ ಅಚ್ಚಿನಿಂದ ತೆಗೆದದ್ದು ಮೊಳದುದ್ದದ ಬಿಳಿ ಕೂದಲು. ಅದನ್ನು ಬೆಳಕಿಗೆ ಹಿಡಿದು ನೋಡಿ ಅವಳು ಅಂದಳು: ‘ದೊಡ್ಡಮ್ಮ, ಇದು ಅಜ್ಜೀದು. ಅಜ್ಜಿ ಹತ್ರ ದುಡ್ಡು ಇಸ್ಕೋ.’