ಬೀದಿಯಲ್ಲಿ ಮಲಗುವವರಿಗೆ ಅಂಟುರೋಗ: ಮೊದಲು ಅಂಗಿಯ ಹೊಲಿಗೆ ನೋಡಿ

ಮನೆ ಇಲ್ಲದವರಿಗೆ "ದಿನಾ ಸ್ನಾನ ಮಾಡಿ, ಬಟ್ಟೆ ಒಗೆದುಕೊಳ್ಳಿ" ಅಂತ ಹೇಳಿ ಬರುವುದು ಸುಲಭ. ನೀರೇ ಇಲ್ಲದವರು ಎಲ್ಲಿ ಒಗೆಯಬೇಕು, ಅಲ್ವಾ? ನೀವು ಇವರ ಜೊತೆ ಕೆಲಸಕ್ಕೆ ಹೊರಟಿದ್ದರೆ ಬೋಧನೆ ಬಿಡಿ, ಬಟ್ಟೆಯಿಂದ ಶುರು ಮಾಡಿ.

ನಾನೂ ಒಮ್ಮೆ ಎಡವಿದ್ದೇನೆ. ಒಬ್ಬ ಹಿರಿಯರಿಗೆ ಚೆನ್ನಾಗಿ ಸ್ನಾನ ಮಾಡಿಸಿ, ಹಾಕಿಕೊಳ್ಳಲು ಅದೇ ಹಳೆ ಅಂಗಿ ಕೊಟ್ಟೆ. ಮಾರನೇ ದಿನ ಮತ್ತೆ ಅದೇ ಕೆರೆತ. ಕಾಲರ್ ತಿರುಗಿಸಿ ನೋಡಿದರೆ ಹೊಲಿಗೆಯುದ್ದಕ್ಕೂ ಬಿಳಿ ಸೀರು! ಇದು ಕೂರೆ, ಅಂದರೆ ಬಟ್ಟೆಯ ಹೇನು. ತಲೆಹೇನಿನ ಹಾಗಲ್ಲ, ಅದು ವಾಸ ಮಾಡುವುದೇ ಬಟ್ಟೆಯ ಹೊಲಿಗೆಯಲ್ಲಿ, ರಕ್ತ ಹೀರಲು ಮಾತ್ರ ಮೈಗೆ ಬರುತ್ತದೆ. ಜೋರು ಜ್ವರ, ದದ್ದು ತರುವ ಸಾಂಕ್ರಾಮಿಕ ಟೈಫಸ್ ಹರಡುವುದು ಇದರಿಂದಲೇ ಅಂತ ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ 1909ರಲ್ಲಿ ತೋರಿಸಿದವರು ಫ್ರೆಂಚ್ ವೈದ್ಯ ಷಾರ್ಲ್ ನಿಕೋಲ್. ಅವರಿಗೆ ಸುಳಿವು ಸಿಕ್ಕಿದ್ದೂ ಬಟ್ಟೆಯಿಂದ: ಸ್ನಾನ ಮಾಡಿಸಿ ಹಳೆ ಬಟ್ಟೆ ಕಳಚಿಸಿದ ಮೇಲೆ ರೋಗಿಯಿಂದ ವಾರ್ಡಿನಲ್ಲಿ ಯಾರಿಗೂ ರೋಗ ಅಂಟುತ್ತಿರಲಿಲ್ಲ. ಮರುಕಳಿಸುವ ಟ್ರೆಂಚ್ ಜ್ವರವೂ ಕೂರೆಯದ್ದೇ ಕೊಡುಗೆ, ಇಂದಿಗೂ ಬೀದಿಯಲ್ಲಿರುವವರಲ್ಲಿ ಕಾಣುತ್ತದೆ.

ಹಾಗಾಗಿ ಸ್ನಾನಕ್ಕೆ ಮೊದಲೇ ಬದಲಿ ಬಟ್ಟೆ ರೆಡಿ ಇರಲಿ. ಹಳೆಯದನ್ನು 54 ಡಿಗ್ರಿಗಿಂತ ಬಿಸಿ ನೀರಿನಲ್ಲಿ ಒಗೆದು ಹೊಲಿಗೆಗಳ ಮೇಲೆ ಇಸ್ತ್ರಿ ಒತ್ತಿ. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಇಡಿ. ಕೇಳದೆ ಎಸೆಯಬೇಡಿ, ಅವರ ಬಳಿ ಇರುವುದೇ ಅಷ್ಟು.

ಬೆರಳ ಸಂದು, ಮಣಿಕಟ್ಟಿನಲ್ಲಿ ಗುಳ್ಳೆ, ರಾತ್ರಿ ತುರಿಕೆ ಜಾಸ್ತಿ ಅಂದರೆ ಬಹುಶಃ ಕಜ್ಜಿ. ಡಾಕ್ಟರು ಸಾಮಾನ್ಯವಾಗಿ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಿ 8ರಿಂದ 14 ಗಂಟೆ ಬಿಡಬೇಕು, ವಾರದ ನಂತರ ಇನ್ನೊಮ್ಮೆ. ರಾತ್ರಿಯೆಲ್ಲ ಕ್ರೀಮ್ ಹಚ್ಚಿಕೊಂಡು ಇರಲು ಜಾಗ ಇಲ್ಲ ಅನ್ನುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಐವರ್‌ಮೆಕ್ಟಿನ್ ಮಾತ್ರೆ ಆಗುತ್ತದಾ ಅಂತ ಕೇಳಿ. ಪಕ್ಕದಲ್ಲಿ ಮಲಗುವವರಿಗೂ ಅದೇ ದಿನ ಚಿಕಿತ್ಸೆ ಆಗಲಿ. ಆಮೇಲೂ ಕೆಲವು ವಾರ ತುರಿಕೆ ಇರಬಹುದು, ಅದಕ್ಕೆ ಸುಮ್ನೆ ಮತ್ತೆ ಮತ್ತೆ ಕ್ರೀಮ್ ಬಳಿಯಬೇಡಿ.

ಎರಡು ವಾರ ದಾಟಿದ ಕೆಮ್ಮು, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಟಿಬಿ ಇರಬಹುದು, ಕಫ ಪರೀಕ್ಷೆಗೆ ನೀವೇ ಜೊತೆಗೆ ಹೋಗಿ. ಅಲ್ಲಿಯ ತನಕ ಅವರಿಗೆ ಮಾಸ್ಕ್ ಕೊಡಿ, ಬಯಲಲ್ಲೇ ಕೂತು ಮಾತಾಡಿ. ಟಿಬಿ ಮಾತ್ರೆ ಸಾಮಾನ್ಯವಾಗಿ 6 ತಿಂಗಳು. ಅಷ್ಟು ದಿನ ಬೀದಿಯಲ್ಲಿ ಮಾತ್ರೆ ಎಲ್ಲಿ ಇಟ್ಟುಕೊಳ್ಳುತ್ತಾರೆ? ಮಳೆಗೆ ನೆನೆಯುತ್ತದೆ, ಚೀಲ ಕಳುವಾಗುತ್ತದೆ. ದಿನಾ ಒಬ್ಬರು ಕೈಗೆ ಕೊಡುವ ಏರ್ಪಾಡು ಮೊದಲ ದಿನವೇ ಆಗಬೇಕು.

ಕಣ್ಣು ಹಳದಿಯಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕೊಳಕು ಕೈ, ನೀರು, ಆಹಾರದಿಂದ ಹರಡುವ ಯಕೃತ್ತಿನ ರೋಗ ಹೆಪಟೈಟಿಸ್ ಎ ಇರಬಹುದು. 2017ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇದು ಮನೆ ಇಲ್ಲದವರ ನಡುವೆ ಜೋರಾಗಿ ಹಬ್ಬಿದಾಗ ಬೀದಿಗಳಲ್ಲೇ ಕೈ ತೊಳೆಯುವ ತೊಟ್ಟಿ ಇಟ್ಟು, ಅವರಿದ್ದಲ್ಲಿಗೇ ಹೋಗಿ ಲಸಿಕೆ ಹಾಕಿದರು. ಈ ವೈರಸ್‌ಗೆ ಸ್ಯಾನಿಟೈಸರ್ ನಂಬಬೇಡಿ. ಚೀಲದಲ್ಲಿ ಸೋಪು ಮತ್ತು ಒಂದು ಕ್ಯಾನ್ ನೀರು ಇರಲಿ.