ಮೊಡವೆ ಹೋಯ್ತು, ಕಲೆ ಹೋಗಲಿಲ್ಲ: ನಾನು ಏನೇನು ಮಾಡಿದೆ

ಮೊಡವೆಗಿಂತ ಅದು ಬಿಟ್ಟುಹೋದ ಕಲೆಯೇ ನನಗೆ ಜಾಸ್ತಿ ಕಾಟ ಕೊಟ್ಟಿತು. ಮೊಡವೆಯಾಗಿ ಚರ್ಮ ಕೆರಳಿದ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಹುಟ್ಟುತ್ತದೆ, ಅದೇ ಆ ಕಂದು ಕಲೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದವರಿಗೆ ಇದು ಎದ್ದು ಕಾಣುತ್ತದೆ, ಮಾಸೋಕೆ ತಿಂಗಳುಗಟ್ಟಲೆ ಬೇಕು.

ಚರ್ಮದ ಡಾಕ್ಟರ್ ಒಂದು ಸಣ್ಣ ಗಾಜನ್ನು ನನ್ನ ಕೆನ್ನೆಗೆ ಒತ್ತಿ, ಕೈಗೆ ಕನ್ನಡಿ ಕೊಟ್ಟರು. ಕೆಂಪು ಕಲೆಗಳು ಒತ್ತಿದಾಗ ಬಿಳಿಚಿಕೊಂಡವು. ಅಲ್ಲಿ ಕಾಣುತ್ತಿದ್ದದ್ದು ಸಣ್ಣ ರಕ್ತನಾಳ. ಕಂದು ಕಲೆಗಳು ಹಾಗೇ ಇದ್ದವು. ಅದು ಬಣ್ಣ. ಕ್ರೀಮುಗಳೆಲ್ಲ ಹೆಚ್ಚಾಗಿ ಕೆಲಸ ಮಾಡುವುದು ಈ ಕಂದು ಕಲೆ ಮೇಲೆ.

ಹೊಸ ಮೊಡವೆ ನಿಲ್ಲದೆ ಹಳೇ ಕಲೆ ತಿಳಿಯಾದರೂ ಏನು ಬಂತು ಅಲ್ವಾ? ಅದಕ್ಕೇ ರಾತ್ರಿ ಅಡಾಪಲೀನ್ 0.1% ಜೆಲ್ ಬರೆದುಕೊಟ್ಟರು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೊದಮೊದಲು ಮೂಗಿನ ಪಕ್ಕ, ಬಾಯಿಯ ಮೂಲೆಯಲ್ಲಿ ಚರ್ಮ ಒಣಗಿ ಸಿಪ್ಪೆ ಎದ್ದಿತು. ದಿನ ಬಿಟ್ಟು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಾಕಿಕೊಂಡೆ, ಸರಿಹೋಯಿತು. ಗರ್ಭಿಣಿಯರಿಗೆ ಇದು ಬೇಡ, ಡಾಕ್ಟರನ್ನು ಕೇಳಿ. ಬೆಳಿಗ್ಗೆ ಅಜೆಲಾಯಿಕ್ ಆಸಿಡ್. ಅದು ಮೊಡವೆಗೂ ಆಗುತ್ತದೆ, ಕಲೆಗೂ ಆಗುತ್ತದೆ. ಹಚ್ಚಿದ ಕೂಡಲೇ ಸ್ವಲ್ಪ ಚುರುಗುಟ್ಟುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ಸನ್‌ಸ್ಕ್ರೀನ್. ಬಿಸಿಲು ಬಿದ್ದಷ್ಟೂ ಕಲೆ ಗಾಢವಾಗುತ್ತದೆ. ಬಿಸಿಲಿನಿಂದ ಎಷ್ಟು ಕಾಯುತ್ತದೆ ಅಂತ ಹೇಳುವ ಎಸ್‌ಪಿಎಫ್ ಅಂಕಿ 30ಕ್ಕೆ ಕಡಿಮೆ ಬೇಡ. ಎರಡು ಬೆರಳುದ್ದ ತೆಗೆದುಕೊಂಡು ಮುಖ, ಕತ್ತಿಗೆ ಹಚ್ಚಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪಾಗಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಐರನ್ ಆಕ್ಸೈಡ್ ಇರುವ, ತುಸು ಬಣ್ಣದ್ದನ್ನೇ ತಂದೆ. ಸ್ಕೂಟರ್ ಮೇಲೆ ಹೋಗುವಾಗ ದುಪಟ್ಟಾ ಸುತ್ತಿಕೊಳ್ಳುವುದನ್ನೂ ಬಿಡಲಿಲ್ಲ.

ಮನೆಯಲ್ಲಿ ಎಲ್ಲರೂ ನಿಂಬೆರಸ ಹಚ್ಚು ಅಂದರು. ದಯವಿಟ್ಟು ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆಯೇ ಆಗಬಹುದು. ಅದಕ್ಕಿಂತ ಭಯ ಆಗುವುದು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಟ್ಯೂಬುಗಳ ಬಗ್ಗೆ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅಂತ ಬರೆದಿದ್ದರೆ ಅದು ಸ್ಟೆರಾಯ್ಡ್. ಮೊದಲು ಮುಖ ಬೆಳ್ಳಗಾದಂತೆ ಕಾಣುತ್ತದೆ. ದಿನ ಕಳೆದಂತೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನೂ ಜೋರಾಗಿ ಏಳುತ್ತದೆ. ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನಿಮ್ಮ ತಂಗಿಯೋ ಗೆಳತಿಯೋ ಹಚ್ಚುತ್ತಿದ್ದರೆ ಟ್ಯೂಬಿನ ಹಿಂಬದಿ ಒಮ್ಮೆ ಓದಿ ನೋಡಿ. ಸ್ಟೆರಾಯ್ಡ್ ಇದ್ದರೆ ತಾವೇ ಬಿಟ್ಟುಬಿಡುವ ಬದಲು ಡಾಕ್ಟರ ಹತ್ತಿರ ಹೋಗಲಿ.

ದಿನಾ ಕನ್ನಡಿ ನೋಡಿದರೆ ಏನೂ ಬದಲಾದಂತೆ ಅನ್ನಿಸುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಲ್ಲಿ ಫೋಟೋ ತೆಗೆದಿಟ್ಟೆ, ಆಗ ಗೊತ್ತಾಯಿತು. ಕೆನ್ನೆಯ ಕಲೆಗಳು ಬಹುಮಟ್ಟಿಗೆ ಹೋಗಿವೆ. ದವಡೆಯ ಹತ್ತಿರ ಬೂದು ಬಣ್ಣದ ಒಂದೆರಡು ಉಳಿದಿವೆ. ಅಲ್ಲಿ ಬಣ್ಣ ಚರ್ಮದ ಆಳಕ್ಕೆ ಇಳಿದಿದೆ, ಅವಕ್ಕೆ ಇನ್ನೂ ಜಾಸ್ತಿ ಸಮಯ ಬೇಕಂತೆ. ಪೀಲಿಂಗ್, ಅಂದರೆ ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆ, ಮಾಡಿಸಬಹುದು ಅಂದರು ಡಾಕ್ಟರ್. ಜೋರಾಗಿ ಮಾಡಿದರೆ ನಮ್ಮ ಬಣ್ಣದ ಚರ್ಮದಲ್ಲಿ ಮತ್ತೆ ಕಲೆ ಏಳಬಹುದು ಅಂತಲೂ ಹೇಳಿದರು. ಸದ್ಯಕ್ಕೆ ಬೇಡ ಅಂದಿದ್ದೇನೆ, ಅಜೆಲಾಯಿಕ್ ಮುಂದುವರಿದಿದೆ.